ಸೌಂಡ್ ಬಾಕ್ಸ್ ಕೂಗೋದು ವ್ಯಾಪಾರ, ಲಾಭ ಅಲ್ಲ

ದಾವಣಗೆರೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ, ಅಪ್ಪನ ಕಾಲದ್ದು. ಫೋನಿನಿಂದ ದುಡ್ಡು ಕಟ್ಟುವ ಯುಪಿಐ ಸ್ಕ್ಯಾನರ್ ಅಂಟಿಸಿದ ಮೇಲೆ ಲಾಭ ಜಾಸ್ತಿ ಆಯ್ತಾ ಅಂತ ಗೆಳೆಯರು ಕೇಳುತ್ತಿರುತ್ತಾರೆ. ವ್ಯಾಪಾರ ಏರಿತು, ನಿಜ. ಲಾಭ ಅದರ ಹಿಂದೆಯೇ ಓಡಿ ಬರಲಿಲ್ಲ.

ಉದ್ರಿ ಮಾತ್ರ ಚೆನ್ನಾಗಿ ಇಳಿಯಿತು. 'ಚಿಲ್ಲರೆ ಇಲ್ಲ, ನಾಳೆ ಕೊಡ್ತೀನಿ' ಅನ್ನೋರು ಈಗ ಅಲ್ಲೇ ಫೋನ್ ತೆಗೆಯುತ್ತಾರೆ. ದುಡ್ಡು ಬೇಗ ಬರುವುದರಿಂದ ಹೋಲ್‌ಸೇಲ್‌ನವರಿಗೆ ಮಾಲು ಇಳಿಸಿದ ದಿನವೇ ಕೊಟ್ಟುಬಿಡುತ್ತೇನೆ. ಅವರೂ ಎಣ್ಣೆ, ಸಕ್ಕರೆ ರೇಟಿನಲ್ಲಿ ಒಂದಿಷ್ಟು ಬಿಡುತ್ತಾರೆ. ನಮಗೆ ಸಿಕ್ಕ ನಿಜವಾದ ಲಾಭ ಅದು. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ದುಡ್ಡಿಗೆ 2020ರಿಂದ ಕಮಿಷನ್ ಇಲ್ಲ, ದುಡ್ಡು ಬಂತು ಅಂತ ಕೂಗುವ ಸೌಂಡ್ ಬಾಕ್ಸಿನ ಬಾಡಿಗೆ ಕಟ್ಟಿದರೆ ಸಾಕು.

ಆದರೆ 2025ರ ಜುಲೈ ನೆನಪಿದೆಯಲ್ವಾ? ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದಿದ್ದು 29 ಲಕ್ಷ ರೂಪಾಯಿಯ ನೋಟಿಸ್. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳಲ್ಲಿ 'ನೋ ಯುಪಿಐ' ಬೋರ್ಡ್ ಬಿದ್ದವು. ನಮಗೆ ನೋಟಿಸ್ ಬರಲಿಲ್ಲ, ಆದರೆ ಅಪ್ಪ ನಾಲ್ಕು ದಿನ ಸ್ಕ್ಯಾನರ್‌ಗೆ ಕ್ಯಾಲೆಂಡರ್ ನೇತುಹಾಕಿದ್ದರು.

ಲೆಕ್ಕ ಹಾಕಿ ನೋಡಿ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ದಿನಕ್ಕೆ ಹನ್ನೊಂದು ಸಾವಿರ ದಾಟಿದರೆ ಅಷ್ಟಾಯ್ತು. ಅಕ್ಕಿ, ಬೇಳೆ, ಎಣ್ಣೆ ಮಾರುವ ಅಂಗಡಿಗೆ ಅದೇನೂ ದೊಡ್ಡದಲ್ಲ. ಎಲ್ಲ ಖರ್ಚು ಕಳೆದು ನೂರಕ್ಕೆ ಐದು ಉಳಿಯಿತು ಅಂದುಕೊಳ್ಳೋಣ. ವರ್ಷಕ್ಕೆ 2 ಲಕ್ಷ. ಸಣ್ಣ ವ್ಯಾಪಾರಿಗಳಿಗಾಗಿ ಇರುವ ಜಿಎಸ್‌ಟಿಯ ಸರಳ ಯೋಜನೆ ಕಂಪೋಸಿಶನ್‌ಗೆ ಸೇರಿದರೆ ತೆರಿಗೆ ವಹಿವಾಟಿನ ಶೇ. 1. ಅದನ್ನು ಗಿರಾಕಿಯಿಂದ ವಸೂಲಿ ಮಾಡುವ ಹಾಗಿಲ್ಲ. ತೆರಿಗೆ ಬೀಳುವ ಮಾಲಿನ ಮಟ್ಟಿಗೆ ಲಾಭದಲ್ಲಿ ಐದನೇ ಒಂದು ಪಾಲು ಹೋದಂತೆ! ನೋಂದಣಿ ಬೇಡ ಅಂತ ನಾನು ಹೇಳುತ್ತಿಲ್ಲ. ಮಾಡಿಸಲೇಬೇಕು. ಆದರೆ ಡಿಜಿಟಲ್ ಆದರೆ ಲಾಭ ಹೆಚ್ಚುತ್ತೆ ಅಂತ ಸುಮ್ನೆ ಭಾಷಣ ಬಿಗಿಯುವವರು ಈ ಪಾಲನ್ನು ಲೆಕ್ಕಕ್ಕೆ ಹಿಡಿಯೋದೇ ಇಲ್ಲ.

ಇನ್ನೊಂದು ವಿಷಯ. ಖಾತೆಗೆ ಬಂದಿದ್ದೆಲ್ಲ ವ್ಯಾಪಾರವಲ್ಲ. ಎಟಿಎಂವರೆಗೆ ಯಾರು ಹೋಗ್ತಾರೆ ಅಂತ ಓಣಿಯವರು ಐನೂರು ಸ್ಕ್ಯಾನ್ ಮಾಡಿ ಗಲ್ಲಾದಿಂದ ನೋಟು ಒಯ್ಯುತ್ತಿದ್ದರು. ನನ್ನ ತಮ್ಮ ಮನೆಗೆ ಕಳಿಸುವ ದುಡ್ಡೂ ಅದೇ ಖಾತೆಗೆ ಬರುತ್ತಿತ್ತು. ಸ್ಟೇಟ್‌ಮೆಂಟಿನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ. ಈಗ ಅಂಗಡಿಗೆ ಬೇರೆ ಕರೆಂಟ್ ಅಕೌಂಟ್ ಮಾಡಿಸಿದ್ದೇನೆ, ನೋಟು ಕೊಡೋದು ಬಂದ್. ಓಣಿಯಲ್ಲಿ ಕೆಲವರು ಮುಖ ತಿರುಗಿಸಿಕೊಂಡಿದ್ದಾರೆ. ಸಕ್ಕರೆಗೆ ಮಾತ್ರ ನಮ್ಮಲ್ಲಿಗೇ ಬರುತ್ತಾರೆ.