ತಕ್ಕಡಿಯ ಮೇಲೆ ಒಂದು ವಾರದ ಕಸ

ನಮ್ಮ ಮನೆಯ ಕಸವನ್ನು ಒಂದು ವಾರ ತೂಗಿ ನೋಡಿದೆ. ಚೀಲ ಹಿಡಿದು ತೂಕದ ಯಂತ್ರದ ಮೇಲೊಮ್ಮೆ ನಿಂತು, ಬಳಿಕ ಬರಿಗೈಯಲ್ಲಿ ನಿಂತು, ಎರಡರ ವ್ಯತ್ಯಾಸವನ್ನು ಬರೆದುಕೊಳ್ಳುತ್ತಾ ಹೋದಾಗ (ಮನೆಯವರು ನಕ್ಕರು, ಅದಿರಲಿ) ಏಳು ದಿನಕ್ಕೆ 10.5 ಕಿಲೋ, ಅಂದರೆ ವರ್ಷಕ್ಕೆ ಸುಮಾರು 550 ಕಿಲೋ ಎಂದಾಯಿತು. ಕಸ ತುಂಬುವ ತಾಣದಲ್ಲಿ ಯಂತ್ರದಿಂದ ಒತ್ತಿದ ಕಸ ಘನ ಮೀಟರಿಗೆ 700 ಕಿಲೋ ತೂಗುತ್ತದೆಂದು ಹಿಡಿದರೆ, ನಮ್ಮ ಪಾಲಿನ ಜಾಗ 0.8 ಘನ ಮೀಟರಿಗಿಂತ ತುಸು ಕಡಿಮೆ. ಇಷ್ಟೇನಾ ಎಂದು ಸಮಾಧಾನವೂ ಆಯಿತು. ಆದರೆ ಇಂಥ ಒಂದು ಲಕ್ಷ ಮನೆಗಳ ಕಸವನ್ನು 10 ಮೀಟರ್ ಎತ್ತರಕ್ಕೆ ಪೇರಿಸಿದರೂ ವರ್ಷಕ್ಕೆ ಹೆಚ್ಚುಕಡಿಮೆ ಎರಡು ಎಕರೆ ನೆಲ ಬೇಕು. ಪದರಗಳ ಮೇಲೆ ಹರಡುವ ಮಣ್ಣು ಈ ಲೆಕ್ಕದಲ್ಲಿಲ್ಲ.

ನನ್ನನ್ನು ತಬ್ಬಿಬ್ಬುಗೊಳಿಸಿದ್ದು ಮಾತ್ರ ತೂಕವಲ್ಲ, ಗಾತ್ರ. ಹತ್ತು ಲೀಟರಿನ ಬಕೆಟ್ಟಿನಲ್ಲಿ ಹಸಿ ಕಸ ಐದು ಕಿಲೋ ತೂಗಿತು. ಅದೇ ಬಕೆಟ್ಟಿನ ತುಂಬ ಪ್ಲಾಸ್ಟಿಕ್ ಕವರು, ಖಾಲಿ ಬಾಟಲಿಗಳು 300 ಗ್ರಾಂ ದಾಟಲಿಲ್ಲ. ಹಸಿ ಕಸವನ್ನೆಲ್ಲ ಗೊಬ್ಬರ ಮಾಡಿದರೆ ತೂಕ ಅರ್ಧಕ್ಕಿಳಿಯಬಹುದು, ಆದರೆ ಉಳಿಯುವ ಒಣ ಕಸ ಹಗುರವಾದ್ದರಿಂದ ಜಾಗ ಅಷ್ಟೇ ಪ್ರಮಾಣದಲ್ಲಿ ಉಳಿತಾಯವಾಗುವುದಿಲ್ಲ, 700 ಎಂಬ ಸರಾಸರಿಯೂ ಅದಕ್ಕೆ ಒಪ್ಪುವುದಿಲ್ಲ. ಮುಂದಿನ ವಾರ ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು.