ಕೆಂಪು ಡೈರಿಯಲ್ಲಿ ಕಂಡದ್ದು

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಹತ್ತಿರ ನನ್ನದೊಂದು ಸಣ್ಣ ಸಿಎ (ಲೆಕ್ಕ ಪರಿಶೋಧಕರ) ಆಫೀಸು. ಯಾರು ಯಾವತ್ತು ಎಲ್ಲಿಗೆ ಹೋಗಬೇಕು, ಯಾವ ಫೈಲು ಯಾರ ಕೈಯಲ್ಲಿದೆ ಅನ್ನೋದನ್ನು ಇವತ್ತಿಗೂ ಕೆಂಪು ರಟ್ಟಿನ ಡೈರಿಯಲ್ಲೇ ಬರೆದಿಡುತ್ತೇನೆ. ಹೋದ ವರ್ಷ ಫೆಬ್ರವರಿಯಲ್ಲಿ ಒಂದು ಸಂಜೆ, ಎಲ್ಲರೂ ಹೊರಟ ಮೇಲೆ, ಆರ್ಟಿಕಲ್ ಹುಡುಗಿಯೊಬ್ಬಳು, ಅಂದರೆ ಸಿಎ ಓದುತ್ತಾ ನಮ್ಮಲ್ಲಿ ತರಬೇತಿಗೆ ಬಂದವಳು, ನನ್ನ ಟೇಬಲ್ ಮುಂದೆ ಬಂದು ನಿಂತಳು. "ಮೇಡಂ, ನನ್ನ ಸ್ಟಾಕ್ ಆಡಿಟ್‌ಗೆ ಯಾವಾಗ ಕಳಸ್ತೀರಿ? ನಾ ಬಂದು ಹದಿನಾಕು ತಿಂಗಳಾತ್ರಿ."

ಸ್ಟಾಕ್ ಆಡಿಟ್ ಅಂದರೆ ಗೋದಾಮಿಗೇ ಹೋಗಿ ಮಾಲು ಎಣಿಸಿ ಲೆಕ್ಕಕ್ಕೆ ತಾಳೆ ನೋಡುವುದು. ಅವಳು ಹೋದ ಮೇಲೆ ಡೈರಿ ತೆಗೆದು ಹಿಂದಿನ ಏಪ್ರಿಲ್‌ನಿಂದ ಒಂದೊಂದೇ ಪುಟ ತಿರುವಿದೆ. ಜಿನ್ನಿಂಗ್ ಮಿಲ್ಲು, ಕೋಲ್ಡ್ ಸ್ಟೋರೇಜು, ಬ್ಯಾಂಕ್ ಬ್ರಾಂಚ್ ಆಡಿಟ್, ಎಲ್ಲದರ ಮುಂದೆಯೂ ಅದೇ ಮೂರು ಹುಡುಗರ ಹೆಸರು. ಹುಡುಗಿಯರ ಹೆಸರಿನ ಮುಂದೆ ಬರೀ ಆಫೀಸಿನಲ್ಲೇ ಕೂತು ತುಂಬುವ ತೆರಿಗೆ ರಿಟರ್ನುಗಳು: 11ನೇ ತಾರೀಖಿನ ಜಿಎಸ್‌ಟಿಆರ್-1, 20ರ 3ಬಿ, ಟಿಡಿಎಸ್, ಮತ್ತೆ ಜಿಎಸ್‌ಟಿಆರ್-1. ಅಕ್ಷರ ನನ್ನದೇ. ದೂರ ಆಗುತ್ತದೆ, ಕತ್ತಲಾಗುತ್ತದೆ, ಮನೆಯವರು ಏನಂದಾರೋ ಅಂತ ಅವರನ್ನು ಒಂದು ಮಾತೂ ಕೇಳದೆ ನಾನೇ ತೀರ್ಮಾನಿಸಿಬಿಟ್ಟಿದ್ದೆ. ನಾನು ಆರ್ಟಿಕಲ್ ಇದ್ದಾಗ ನಮ್ಮ ಸರ್ ಇವೇ ಮಾತು ಹೇಳಿ ನನ್ನನ್ನು ಆಫೀಸಿನಲ್ಲೇ ಕೂರಿಸಿದ್ದರು. ಆಗ ಎಷ್ಟು ಸಂಕಟಪಟ್ಟಿದ್ದೆ ಅನ್ನೋದು ಇನ್ನೂ ನೆನಪಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

2023ರ ಜುಲೈಯಿಂದೀಚೆಗೆ ಸೇರಿದವರಿಗೆ ಆರ್ಟಿಕಲ್‌ಶಿಪ್ ಎರಡೇ ವರ್ಷ, ಮೊದಲು ಮೂರಿತ್ತು. ಅದರಲ್ಲಿ 14 ತಿಂಗಳು ರಿಟರ್ನ್ ತುಂಬುವುದರಲ್ಲೇ ಕಳೆದರೆ, ಗೋದಾಮಿನಲ್ಲಿ ಚೀಲ ಎಣಿಸುವುದನ್ನು, ಮಾಲೀಕರ ಎದುರು ಕೂತು "ಈ ಲೆಕ್ಕ ಹೊಂದುತ್ತಿಲ್ಲ" ಅನ್ನುವುದನ್ನು ಆ ಹುಡುಗಿ ಕಲಿಯುವುದು ಯಾವಾಗ? ಹುಡುಗ ಹುಡುಗಿ ಇಬ್ಬರಿಗೂ ಒಂದೇ ಸ್ಟೈಪೆಂಡ್ ಕೊಡುತ್ತೇನಲ್ಲ, ಅಷ್ಟು ಸಾಕು ಅಂದುಕೊಂಡಿದ್ದೆ. ಈಗ ಪ್ರತಿ ತಿಂಗಳ ಮೊದಲ ಸೋಮವಾರ ಡೈರಿಯನ್ನು ಎಲ್ಲರ ಮುಂದೆ ಬಿಚ್ಚಿಟ್ಟು ಕೆಲಸ ಹಂಚುತ್ತೇವೆ. ಯಾರಿಗಾದರೂ ಹೋಗಲು ತೊಂದರೆಯಿದ್ದರೆ ಅವರೇ ಹೇಳುತ್ತಾರೆ.

ಅದೇ ಡೈರಿಯಲ್ಲಿ ಎಲ್ಲರ ಅಡ್ಡಹೆಸರುಗಳೂ, ಅಂದರೆ ಮನೆತನದ ಹೆಸರುಗಳೂ, ಕಣ್ಣಿಗೆ ಬಿದ್ದವು. ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಎಷ್ಟೋ ಸಲ ಯಾವ ಪೈಕಿ, ಅಂದರೆ ಯಾವ ಜಾತಿ ಅಂತ ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ಇದ್ದವರೆಲ್ಲ ಎರಡೇ ಪೈಕಿಯವರು, ಏಕೆಂದರೆ ಎಲ್ಲರೂ ಯಾವುದೋ ಕ್ಲೈಂಟು "ನಮ್ಮ ಹುಡುಗ ಅದಾನ್ರಿ" ಅಂತ ಹೇಳಿ ಕಳಿಸಿದವರು. ಈಗ ಅಸಿಸ್ಟೆಂಟ್ ಕೆಲಸ ಖಾಲಿಯಾದರೆ ಸರ್ಕಾರಿ ಕಾಲೇಜಿನ ನೋಟಿಸ್ ಬೋರ್ಡಿಗೂ ಚೀಟಿ ಹೋಗುತ್ತದೆ. ಬಂದವರ ಮುಂದೆ ಮೊದಲು ಒಂದು ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿ ಪಟ್ಟಿ) ಇಡುತ್ತೇವೆ, ಪೂರ್ತಿ ಹೆಸರು ಕೇಳುವುದು ಆಮೇಲೆ.

ಕಾನೂನಿನ ವಿಷಯದಲ್ಲೂ ತಪ್ಪಿದ್ದೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ 10 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ನಾವು ಏಳೇ ಜನ ಅಂತ ಸುಮ್ಮನಿದ್ದೆ. ಆದರೆ ಆ ಕಾಯ್ದೆಯಲ್ಲಿ ತರಬೇತಿಗೆ ಬಂದವರೂ ಉದ್ಯೋಗಿಗಳೇ. ಆರ್ಟಿಕಲ್‌ಗಳನ್ನು ಸೇರಿಸಿದರೆ ನಾವು 12. ಸಮಿತಿ ಮಾಡಿದ ದಿನ ಒಬ್ಬ ಹುಡುಗ ಕೇಳಿದ: "ದೂರು ನಿಮ್ಮ ಮ್ಯಾಲೇ ಇದ್ರ?" ಸರಿಯಾದ ಪ್ರಶ್ನೆ. ಮಾಲೀಕರ ಮೇಲಿನ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಅದನ್ನೂ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಸಿದ್ದೇನೆ.

ಮಾರ್ಚ್ 31ಕ್ಕೆ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿಗೆ ಅವತ್ತು ಪ್ರಶ್ನೆ ಕೇಳಿದ ಆ ಹುಡುಗಿಯ ಹೆಸರು ಬರೆದೆ. ಹಿಂದಿನ ದಿನ ಮಾಲೀಕರ ಫೋನು. "ಹುಡುಗ್ಯಾರು ಬ್ಯಾಡ್ರಿ ಮೇಡಂ, ಇಲ್ಲಿ ಅವರಿಗೆ ಟಾಯ್ಲೆಟ್ ವ್ಯವಸ್ಥಾ ಇಲ್ಲ." ಆಫೀಸ್ ಸ್ಟಾಫಿನದು ಇದೆಯಲ್ಲ, ಅದರ ಕೀಲಿ ಕೊಡಿಸಿ ಅಂದೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ನಾನೂ ಅವಳ ಜೊತೆ ಹೋದೆ. ಸ್ವೆಟರ್ ಹಾಕಿಕೊಂಡು, ಮೂಗಿಗೆ ದುಪಟ್ಟಾ ಬಿಗಿದು, ಸೀನುತ್ತಲೇ ಲಾಟ್ ನಂಬರ್ ಓದಿ ಚೀಲ ಎಣಿಸಿದಳು. ಒಂದು ಲಾಟಿನಲ್ಲಿ ಪುಸ್ತಕಕ್ಕಿಂತ 40 ಚೀಲ ಕಮ್ಮಿ. ಎರಡು ಸಲ ಎಣಿಸಿ, ಶೀಟಿನಲ್ಲಿ ಬರೆದು, ಮ್ಯಾನೇಜರ್ ಸಹಿ ಹಾಕಿಸಿಕೊಂಡೇ ಹೊರಗೆ ಬಂದಳು.

ಹೊರಗೆ ಶೆಡ್ಡಿನಲ್ಲಿ ಹತ್ತಿಪ್ಪತ್ತು ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದರು. ಅವಳು ಕೀಲಿ ವಾಪಸ್ ಕೊಡುವುದನ್ನು ನೋಡಿದ ಒಬ್ಬ ಅಜ್ಜಿ ಕೇಳಿದಳು: "ನೀವು ಹೋದಮ್ಯಾಲೂ ತೆಗೆದಿರ್ತಾರೇನವ್ವಾ?"

ಮಾಲೀಕರಿಗೆ ಬರೆದ ಪತ್ರದಲ್ಲಿ 40 ಚೀಲದ ಕೆಳಗೆ ಅಜ್ಜಿಯ ಪ್ರಶ್ನೆಯನ್ನೂ ಸೇರಿಸಿದ್ದೆ. ಚೀಲದ ಬಗ್ಗೆ ಉತ್ತರ ಬಂದಿದೆ. ಇನ್ನೊಂದಕ್ಕೆ ಈ ಮಾರ್ಚ್‌ನಲ್ಲಿ ಹೋದಾಗ ಎದುರಿಗೇ ಕೇಳುತ್ತೇನೆ.