ಹೊಂಡಗಳ ನೋಟ್‌ಬುಕ್: ಗೋಕರ್ಣದಿಂದ ವಿಭೂತಿಗೆ ಸ್ಕೂಟರ್‌ನಲ್ಲಿ

ಉತ್ತರ ಕನ್ನಡದ ಈಜುಹೊಂಡಗಳ ಬಗ್ಗೆ ನಾನು ಬರೆದಿಡುತ್ತಿರುವ ನೋಟ್‌ಬುಕ್ಕಿಗೆ ಈ ಸಲ ವಿಭೂತಿ ಜಲಪಾತ ಸೇರಿತು. ಟೈಲ್ಸ್ ಹಾಕಿದ ಕೊಳಗಳಲ್ಲ, ಹೊಳೆ ತಾನೇ ಕೊರೆದುಕೊಂಡ ಗುಂಡಿಗಳು. ಒಂದೊಂದಕ್ಕೆ ಒಂದು ಪುಟ. ಆಳ ಎಲ್ಲೆಲ್ಲಿ ಎಷ್ಟು, ತಳದಲ್ಲಿ ಮರಳೋ ಬಂಡೆಯೋ, ನೀರು ಹೊರಗೆ ಹೋಗುವುದು ಯಾವ ಕಡೆ, ದಡ ಹತ್ತಲು ಸುಲಭ ಎಲ್ಲಿ. ಫೋಟೋ ಚೆನ್ನಾಗಿ ಬರುವ ಜಾಗ ಯಾವುದು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನೀರಿಗಿಳಿದರೆ ಕಾಲಿಗೆ ಏನು ಸಿಗುತ್ತದೆ ಅನ್ನುವುದನ್ನು ಬರೆದಿಡುವವರು ಕಡಿಮೆ.

ಬೆಳಗಿನ ಚಳಿ ಇನ್ನೂ ಇರುವಾಗಲೇ ಗೋಕರ್ಣ ಬಿಟ್ಟೆವು. ಸ್ಕೂಟರ್ ಒಂದು, ಜನ ಇಬ್ಬರು. ಟ್ಯಾಂಕ್ ಹಿಂದಿನ ಸಂಜೆಯೇ ತುಂಬಿಸಿದ್ದೆವು. ಮದನಗೇರಿಯಲ್ಲಿ ಹೆದ್ದಾರಿ ಸಿಗುತ್ತದೆ. ಆಮೇಲೆ ಹಿಲ್ಲೂರು, ಅಚವೆ ಕಡೆಯ ದಾರಿ. ಹೆದ್ದಾರಿಯ ಲಾರಿಗಳ ಗದ್ದಲ ಮುಗಿದ ಮೇಲೆ ಗದ್ದೆ, ಅಡಿಕೆ ತೋಟ, ಮತ್ತೆ ಕಾಡು. ಒಟ್ಟು ಐವತ್ತು ಕಿಲೋಮೀಟರ್ ಆಸುಪಾಸು. ಈ ರಸ್ತೆಗೆ ಸ್ಕೂಟರೇ ಸರಿ. ತಿರುವುಗಳು ಜಾಸ್ತಿ, ವೇಗಕ್ಕೆ ಅರ್ಥವೇ ಇಲ್ಲ, ನೆರಳು ಕಂಡಲ್ಲಿ ನಿಲ್ಲಿಸಬಹುದು. ಮೊಬೈಲ್ ಸಿಗ್ನಲ್ ನಂಬಿಕೊಂಡು ಹೋಗಬೇಡಿ, ನಕ್ಷೆ ಮೊದಲೇ ಇಳಿಸಿಕೊಂಡಿರಿ.

ಗಾಡಿ ನಿಲ್ಲಿಸಿ ಕಾಡಿನೊಳಗೆ ಸ್ವಲ್ಪ ನಡೆಯಬೇಕು. ನೀರು ಕಾಣುವ ಮೊದಲು ಸದ್ದು ಕೇಳುತ್ತದೆ. ಜಲಪಾತ ದೊಡ್ಡದೇನಲ್ಲ, ಸುಮಾರು ಮೂವತ್ತು ಅಡಿ. ಆದರೆ ಅದು ಹಂತ ಹಂತವಾಗಿ ಇಳಿಯುವ ಚೆಂದವೇ ಬೇರೆ. ಕೆಳಗೆ ಹೊಂಡ, ಅದರಾಚೆ ಕಲ್ಲುಗಳ ನಡುವೆ ಸಣ್ಣ ಸಣ್ಣ ಗುಂಡಿಗಳು.

ಮೊದಲು ಹಗ್ಗದ ಕೆಲಸ. ನೈಲಾನ್ ಹಗ್ಗಕ್ಕೆ ಅರ್ಧ ಮೀಟರಿಗೊಂದು ಗಂಟು, ತುದಿಗೆ ಮುಷ್ಟಿಗಾತ್ರದ ಕಲ್ಲು. ದಡದ ಬಂಡೆಯ ಮೇಲೆ ನಿಂತು ಕಲ್ಲನ್ನು ಮೆಲ್ಲಗೆ ಬಿಟ್ಟು, ಹಗ್ಗ ಸಡಿಲವಾದ ಕೂಡಲೇ ನೀರಿನ ಮಟ್ಟದಲ್ಲಿರುವ ಗಂಟನ್ನು ಹಿಡಿದು ಎಣಿಸುವುದು. ಇಷ್ಟೇ. ಆದರೂ ಪ್ರತಿ ಸಲ ಇದನ್ನು ಮಾಡಲೇಬೇಕು ಅನ್ನುತ್ತೇನೆ, ಯಾಕೆಂದರೆ ತಿಳಿನೀರು ಕಣ್ಣಿಗೆ ಸುಳ್ಳು ಹೇಳುತ್ತದೆ. ಬೆಳಕು ನೀರಿನಿಂದ ಹೊರಗೆ ಬರುವಾಗ ಬಾಗುವುದರಿಂದ ನೇರ ಮೇಲಿನಿಂದ ನೋಡಿದರೆ ತಳ ಮುಕ್ಕಾಲು ಪಾಲು ಆಳದಲ್ಲಿ ಇದ್ದಂತೆ ಕಾಣುತ್ತದೆ. ಎರಡು ಮೀಟರ್ ಆಳದ ಗುಂಡಿ ಒಂದೂವರೆ ಮೀಟರಿನಂತೆ! ಎದೆಮಟ್ಟ ಇರಬೇಕು ಅಂದುಕೊಂಡು ಇಳಿದವರ ತಲೆ ಮುಳುಗುವುದು ಹೀಗೆಯೇ. ಓರೆಯಾಗಿ ನೋಡಿದರಂತೂ ಇನ್ನೂ ಕಡಿಮೆ ಕಾಣುತ್ತದೆ. ವಿಭೂತಿಯಲ್ಲಿ ಅಂಚು ಸೊಂಟಮಟ್ಟ, ನೀರು ಬೀಳುವ ಕಡೆಗೆ ಹೋದಂತೆ ಆಳ ಬೇಗ ಹೆಚ್ಚುತ್ತದೆ. ಮುಳುಗಿರುವ ಬಂಡೆಗಳೂ ಇವೆ. ಮೇಲಿನಿಂದ ಹಾರುವ ಜಾಗ ಇದಲ್ಲ ಎಂದು ಕೆಂಪು ಪೆನ್ನಿನಲ್ಲಿ ಬರೆದೆ.

ಎರಡನೆಯದು ಕಲ್ಲಿನ ಪರೀಕ್ಷೆ. ಇಲ್ಲಿಯ ಬಂಡೆ ಸುಣ್ಣಕಲ್ಲು, ಹತ್ತಿರದ ಯಾಣದ ಭೈರವೇಶ್ವರ ಶಿಖರವೂ ಸುಣ್ಣಕಲ್ಲಿನದೇ. ದಾರಿಯಲ್ಲಿ ಬಿದ್ದಿದ್ದ ಒಂದು ಚೂರನ್ನು ಚಾಕುವಿನಿಂದ ಕೆರೆದು, ಪುಡಿಯ ಮೇಲೆ ಲಿಂಬೆರಸ ಹಿಂಡಿದೆವು. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ಗ್ರಾನೈಟ್ ಆಗಿದ್ದರೆ ಸುಮ್ನೆ ಒದ್ದೆಯಾಗುತ್ತಿತ್ತು. ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡ ಮಳೆನೀರು ಸ್ವಲ್ಪ ಹುಳಿಯಾಗಿರುತ್ತದೆ, ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ನಾವು ಲಿಂಬೆರಸದಲ್ಲಿ ಒಂದು ನಿಮಿಷದಲ್ಲಿ ಕಂಡದ್ದನ್ನು ಆ ನೀರು ಸಾವಿರಾರು ವರ್ಷಗಳಿಂದ ಮಾಡುತ್ತಿದೆ. ಈ ಪುಟ ಬರೆಯುವಾಗ ಆದಷ್ಟು ಖುಷಿ ಬೇರೆ ಯಾವ ಪುಟಕ್ಕೂ ಆಗಿಲ್ಲ.

ಆಮೇಲೆ ಈಜು. ನೀರು ತಣ್ಣಗೆ, ಮೊದಲ ಮುಳುಗಿಗೆ ಉಸಿರು ನಿಂತಂತಾಗುತ್ತದೆ. ಕಾಲು ಅಲ್ಲಾಡಿಸದೆ ಕೂತರೆ ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ತವೆ. ಮಧ್ಯಾಹ್ನದ ಹೊತ್ತಿಗೆ ಜನ ಸೇರಿದರು. ಒಂದು ಗುಂಪು ಶಾಂಪೂ ತೆಗೆದಾಗ ಹೋಗಿ ಬೇಡ ಎಂದು ಕೇಳಿಕೊಂಡೆವು. ಈ ನೀರು ಕೆಳಗೆ ತೋಟಗಳ ಕಡೆಗೆ ಹರಿಯುವುದಲ್ವಾ? ಅವರು ಒಳಗಿಟ್ಟರು. ಇಂಥ ಮಾತನ್ನು ಜಗಳ ಮಾಡದೆ ಹೇಳಿದರೆ ಜನ ಕೇಳುತ್ತಾರೆ.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಈ ಹೊಂಡಗಳಿಗೆ ಇಳಿಯುವ ಯೋಚನೆಯೇ ಬೇಡ. ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆಯಾದರೆ ನೀರು ಏಕಾಏಕಿ ಏರುತ್ತದೆ. ತಿಳಿನೀರು ಕೆಂಪಾಗುತ್ತಿದ್ದರೆ, ಎಲೆ ಕಡ್ಡಿ ತೇಲಿ ಬರಲು ಶುರುವಾದರೆ ಸಾಮಾನು ಬಿಟ್ಟು ಮೇಲೆ ಬನ್ನಿ. ಇದೇ ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದು. ಆ ತಿಂಗಳುಗಳಲ್ಲಿ ಹೊಂಡವಷ್ಟೇ ಅಲ್ಲ, ದಾರಿಯೂ ನಂಬುವಂಥದ್ದಲ್ಲ.

ಬರುವಾಗ ಯಾಣಕ್ಕೆ ಹೋಗಲಿಲ್ಲ. ಕತ್ತಲಾಗುವ ಮೊದಲು ಕಾಡಿನ ರಸ್ತೆ ದಾಟಬೇಕಿತ್ತು.

ಮುಂದಿನ ಕೆಲಸ: ಬೇಸಿಗೆಯಲ್ಲಿ ನೀರು ಇಳಿದಾಗ ಇದೇ ಹಗ್ಗ ಹಿಡಿದು, ಇದೇ ಬಂಡೆಗಳ ಮೇಲೆ ನಿಂತು ಮತ್ತೆ ಅಳೆಯಬೇಕು. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ. ಪ್ರವಾಹ ಮರಳು, ಕಲ್ಲುಗಳನ್ನು ಜಾಗ ಬದಲಿಸುತ್ತದೆ, ಹಾಗಾಗಿ ಹಳೆಯ ಆಳವನ್ನು ಮುಂದಿನ ವರ್ಷಕ್ಕೆ ನಂಬಲಾಗದು. ಅಳತೆಯ ಪಕ್ಕ ತಿಂಗಳು ಬರೆಯುವ ಜಾಗ ಬಿಟ್ಟು ಪುಟಗಳಿಗೆ ಹೊಸದಾಗಿ ಗೆರೆ ಹಾಕುತ್ತಿದ್ದೇನೆ.